ನಂದು ನಾಷ್ಟಾ ಆತು, ನೀ ತಗೋ

ಬೆಳಿಗ್ಗೆ ನಾಷ್ಟಾ ಮಾಡುವ ಅಭ್ಯಾಸ ನನಗೆ ನಲವತ್ತು ದಾಟಿದ ಮೇಲೆ ಅಂಟಿಕೊಂಡದ್ದು. ಅದಕ್ಕೂ ಮುಂಚೆ ಒಂದು ಕಪ್ ಚಹಾ, ಮನಸ್ಸು ತಡೆಯದಿದ್ದರೆ ಇನ್ನರ್ಧ ಕಪ್ ಚಹಾ, ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ಓಟ. ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿ ಹಿಂದಿನ ಓಣಿಯಲ್ಲಿ ಮಾಳಿಗೆ ಮೇಲೆ ಎರಡು ಕೋಣೆ ನನ್ನವು, ಅಂದರೆ ಬಾಡಿಗೆಯವು. ಒಬ್ಬಳಿಗಾಗಿ ಒಲೆ ಹಚ್ಚುವುದು ನನಗೆ ಯಾವಾಗಲೂ ಬೇಸರ. ಆದರೆ ಬಬಲೇಶ್ವರದಲ್ಲೋ ತಿಕೋಟಾದಲ್ಲೋ ಇಳಿದ ಕೂಡಲೇ, ಮೊಳಕೆ ಕಾಳು ತಿನ್ನಿ, ತತ್ತಿ ತಿನ್ನಿ, ಖಾಲಿ ಹೊಟ್ಟೆಯಲ್ಲಿ ಇರಬೇಡಿ ಎಂದು ಜನರಿಗೆ ಪಾಠ ಒಪ್ಪಿಸುವವಳು ನಾನೇ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ನನ್ನ ಕೆಲಸ ಟಿಬಿ ರೋಗಿಗಳದ್ದು. ಟಿಬಿಗೆ ಔಷಧಿ ಇದೆ, ಪುಕ್ಕಟೆ ಸಿಗುತ್ತದೆ, ಪೂರ್ತಿ ನುಂಗಿದರೆ ಗುಣವಾಗುತ್ತದೆ. ತೊಂದರೆಯೆಲ್ಲ ಆ 'ಪೂರ್ತಿ' ಅನ್ನುವುದರಲ್ಲಿದೆ. ಆರು ತಿಂಗಳು ದಿನಾ ನುಂಗಬೇಕು. ಎರಡನೇ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈಗೆ ಕಳೆ ಬರುತ್ತದೆ, ಗುಳಿಗೆ ಕಸದಬುಟ್ಟಿಗೆ ಹೋಗುತ್ತದೆ. ಹಾಗೆ ಅರ್ಧಕ್ಕೆ ಬಿಟ್ಟ ರೋಗ ತಿರುಗಿ ಬಂದರೆ ಈ ಔಷಧಿಗೆ ಬಗ್ಗುವುದಿಲ್ಲ. ಅದಕ್ಕೇ ನುಂಗುವುದನ್ನು ಒಬ್ಬರು ಕಣ್ಣಾರೆ ನೋಡಬೇಕೆಂಬ ನಿಯಮ. ಮೊದಲು ನಾವು ಮನೆಮನೆಗೆ ಹೋಗುತ್ತಿದ್ದೆವು. ಈಗ ಕೆಲವರು ತಾವೇ ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸುತ್ತಾರೆ. ಅಂಗೈ ಮೇಲೆ ಗುಳಿಗೆ ತೋರಿಸಬೇಕು, ಬಾಯಿಗೆ ಹಾಕಿಕೊಂಡು ನೀರು ಕುಡಿಯಬೇಕು, ಆಮೇಲೆ ಬಾಯಿ ತೆರೆದು ನಾಲಗೆ ಎತ್ತಿ ತೋರಿಸಬೇಕು. ನಾನು ನೋಡಿ ಕಂಪ್ಯೂಟರಿನಲ್ಲಿ ಗುರುತು ಹಾಕುತ್ತೇನೆ. ಬೆಳಿಗ್ಗೆ ಎದ್ದು ಊರವರೆಲ್ಲ ದೇವರ ದರ್ಶನ ಮಾಡಿದರೆ ನನಗೆ ಜನರ ಗಂಟಲುಗಳ ದರ್ಶನ.

ಕನಮಡಿಯ ಆ ಹುಡುಗಿ ನನ್ನ ಪಾಲಿಗೆ ಬಂದದ್ದು ಹೀಗೆಯೇ. ಮದುವೆಯಾಗಿ ಸ್ವಲ್ಪ ಕಾಲವಾಗಿತ್ತು. ಗಂಡನ ಜೊತೆ ವಿಜಯಪುರಕ್ಕೆ ಬಂದು ಕಫದ ಪರೀಕ್ಷೆ ಮಾಡಿಸಿಕೊಂಡು ಔಷಧಿ ತೆಗೆದುಕೊಂಡು ಹೋದ ದಿನ ನಾನು ಬಬಲೇಶ್ವರದಲ್ಲಿದ್ದೆ. ಹೆಸರು ಬರೆದುಕೊಂಡವಳು ನನ್ನ ಜೊತೆಗಾತಿ. ಹುಡುಗಿಯ ಗಂಡ ಅವಳ ಹತ್ತಿರ ಒಂದೇ ಮಾತು ಹಿಡಿದು ಕೂತನಂತೆ: ನಮ್ಮ ಬಾಗಿಲಿಗೆ ಯಾರೂ ಬರಬಾರದು, ಬಂದರೆ ಔಷಧಿಯೇ ಬೇಡ. ಕಾರಣ ಅವನ ತಂಗಿ. ಅವಳಿಗೆ ಕಳ್ಳಕವಟಗಿಯ ಸಂಬಂಧ ಕುದುರುತ್ತಿತ್ತು. ಮನೆಯಲ್ಲಿ ಟಿಬಿ ಇದೆಯೆಂದು ಬೀಗರ ಕಿವಿಗೆ ಬಿದ್ದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು, ಮುಂದೆ ಇನ್ನೊಂದು ಬರುವುದೂ ಕಷ್ಟ. ಊರ ಬಾಯಿ ಮುಚ್ಚಲು ಮೂಕುಡಿ ಎಲ್ಲಿಂದ ತರುವುದು? ಮನೆಯವರನ್ನೆಲ್ಲ ಪರೀಕ್ಷೆ ಮಾಡಿಸಲೇಬೇಕು ಎಂದು ನಾನು ಫೋನಿನಲ್ಲಿ ಜಗಳ ತೆಗೆದ ಮೇಲೆ, ಅವನು ತಾಯಿಯನ್ನೂ ತಂಗಿಯನ್ನೂ ಸಂತೆಯ ನೆವ ಹೇಳಿ ವಿಜಯಪುರಕ್ಕೆ ಕರೆತಂದು ಎಕ್ಸ್-ರೇ ತೆಗೆಸಿದ. ಆ ದಿನವೂ ನಾನು ತಿಕೋಟಾ ಕಡೆ ಹೋಗಿದ್ದೆ. ಅವರಿಗೇನೂ ಇರಲಿಲ್ಲ. ಹಾಗೆ ಮನೆಯ ನಾಲ್ವರಿಗೆ ಗೊತ್ತು, ಓಣಿಗೆ ಗೊತ್ತಿಲ್ಲ ಅನ್ನುವ ಸ್ಥಿತಿಯಲ್ಲಿ ನಮ್ಮ ಕೆಲಸ ಸುರುವಾಯಿತು.

ಅವಳ ಮೊಬೈಲಿನಲ್ಲಿ ನನ್ನ ನಂಬರು 'ಟೇಲರ್ ಅಕ್ಕ'. ಯಾರಾದರೂ ಕೇಳಿದರೆ ವಿಜಯಪುರದಲ್ಲಿ ಬ್ಲೌಸು ಹೊಲಿಯುವಾಕೆ ಎಂದು ಹೇಳುವುದೆಂದು ಅತ್ತೆ ಸೊಸೆ ಸೇರಿ ತೀರ್ಮಾನಿಸಿದ್ದರು. ನನ್ನ ವಾಟ್ಸಾಪಿನಲ್ಲಿ 'ಕೆಮ್ಮುವಾಗ ಬಾಯಿ ಮುಚ್ಚಿ' ಎಂಬ ಚಿತ್ರವಿತ್ತು. ಅದನ್ನು ತೆಗೆದು ಹೊಲಿಗೆ ಮಷಿನ್ ಚಿತ್ರ ಹಾಕಿದೆ. ದಿನಾ ಸ್ಟೇಟಸ್ಸಿನಲ್ಲಿ ಆರೋಗ್ಯದ ಮಾತು ಹಾಕುವುದನ್ನು ಮಾತ್ರ ಬಿಡಲಿಲ್ಲ. ಟೇಲರ್ ಆದವಳು ಕೆಮ್ಮಿನ ಬಗ್ಗೆ ಮಾತಾಡಬಾರದೆಂದು ಕಾನೂನೇನೂ ಇಲ್ಲವಲ್ಲ. ಒಂದು ದಿನ ಅವರ ನೆರೆಮನೆಯಾಕೆ ಅವಳಿಂದ ನಂಬರು ಇಸಿದುಕೊಂಡು ನನಗೆ ಫೋನ್ ಹಚ್ಚಿಯೇಬಿಟ್ಟಳು. ತೋಳಿಗೆ ಪಫ್ ಇಟ್ಟು ಹೊಲಿಯುತ್ತೀರಾ, ಎಷ್ಟು ದಿನಕ್ಕೆ ಕೊಡುತ್ತೀರಿ ಎಂದು ವಿಚಾರಣೆ. ಹರಿದ ಗುಂಡಿ ಹಚ್ಚಲು ಬಾರದ ನಾನು, ಲಗ್ನದ ಸೀಸನ್ನು ಯವ್ವಾ, ಕೈ ಬಿಡುವಿಲ್ಲ ಎಂದು ಗತ್ತಿನಿಂದ ಹೇಳಿ ಫೋನಿಟ್ಟೆ.

ಮೊದಲ ವಿಡಿಯೊ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಬೈಲನ್ನು ಅಡುಗೆಮನೆಯ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಿದ್ದಳು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಅವಳಿಗೆ ವಾಂತಿಯಾಗುತ್ತಿತ್ತು, ಅದಕ್ಕೆ ಡಾಕ್ಟರು ಸ್ವಲ್ಪ ತಿಂದು ನುಂಗು ಅಂದಿದ್ದರು. ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಬದಿಯಲ್ಲಿ ಚೂರು ಶೇಂಗಾ ಹಿಂಡಿ. ಸೆರಗು ಸರಿಮಾಡಿಕೊಂಡು ತಾಟನ್ನು ನನ್ನ ಕಡೆ, ಅಂದರೆ ಮೊಬೈಲಿನ ಕಡೆ, ಸ್ವಲ್ಪ ಸರಿಸಿ ಹೇಳಿದಳು.

"ಬರ್ರಿ ಅಕ್ಕಾ, ನಾಷ್ಟಾ ಮಾಡೂಣು."

ಹೇಳಿ ಸುಮ್ಮನೆ ಕೂತಳು. ರೊಟ್ಟಿ ಮುರಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಾಳೇನೋ ಅನ್ನುವ ಹಾಗೆ ನೋಡಿದಳು. ಬಹಳ ಹೊತ್ತಿನ ಮೇಲೆ, ಏನೋ ತಪ್ಪು ಮಾಡುತ್ತಿರುವವಳಂತೆ ತಲೆ ತಗ್ಗಿಸಿ ಒಂದು ತುತ್ತು ಬಾಯಿಗಿಟ್ಟಳು.

ನಮ್ಮ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಎದುರಿಗೆ ಕರೆಯದೆ ಉಣ್ಣುವುದಿಲ್ಲ. ಬಸ್ಸಿನಲ್ಲಿ ಬುತ್ತಿ ಬಿಚ್ಚಿದವರೂ ಪಕ್ಕದ ಅಪರಿಚಿತರಿಗೆ 'ಬರ್ರಿ' ಅನ್ನುತ್ತಾರೆ. ಆ ಅಪರಿಚಿತರು 'ಈಗಷ್ಟ ಆತ್ರಿ, ನೀವು ಮಾಡ್ರಿ' ಅಂದ ಮೇಲೆಯೇ ಇವರ ಕೈ ಬಾಯಿಗೆ ಹೋಗುವುದು. ಹೊಟ್ಟೆ ಹಸಿದು ಸಾಯುತ್ತಿದ್ದರೂ ಆ ಒಂದು ಮಾತಿಗೆ ಕಾಯುತ್ತಾರೆ. ನಾನು ದಿನಾ ಅವಳನ್ನು ನೋಡುತ್ತೇನೆ ಎಂದು ಅವಳಿಗೆ ಹೇಳಿದ್ದರು. ನೋಡುವವಳ ಎದುರಿಗೆ ಒಬ್ಬಳೇ ತಿನ್ನುವುದು ಹೇಗೆ? ಕರೆದಳು. ಕರೆದ ಮೇಲೆ ಉತ್ತರಕ್ಕೆ ಕಾದಳು. ವಿಡಿಯೊದೊಳಗೆ ಯಾರು ಉತ್ತರ ಕೊಡುತ್ತಾರೆ?

ಆಮೇಲೆ ಇದು ದಿನಾ ನಡೆಯಿತು. ಕರೆಯುವುದು, ಕಾಯುವುದು, ಊಟ ಪೂರ್ತಿ, ಕೊನೆಗೆ ಗುಳಿಗೆ. ಬೇರೆಯವರ ವಿಡಿಯೊ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿದರೆ ಇವಳದ್ದು ಪ್ರವಚನದಷ್ಟು ಉದ್ದ. ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುತ್ತಿದ್ದೆ. ಇವತ್ತು ಮೆಂತೆಪಲ್ಯ ಕಹಿಯಾಯಿತು ಅನ್ನುವಳು. ಬೀಗರ ಕಡೆಯಿಂದ ಹುಡುಗನ ಅತ್ತಿಗೆ ಬಂದು ನಾದಿನಿಯ ಕೂದಲು ಅಳೆದು ನೋಡಿ ಹೋದಳು ಅನ್ನುವಳು, ಅಂದು ತಾನೇ ನಗುವಳು. ಹಿತ್ತಲಲ್ಲಿ ಎಮ್ಮೆ ಒದರುವುದು ಕೇಳಿಸುತ್ತಿತ್ತು. ಒಮ್ಮೆ ಪಕ್ಕದ ಸೀಟಿನ ಮುದುಕಿ ನನ್ನ ಮುಖ ನೋಡಿ, ಯಾರ ಜೋಡಿ ಮಾತು, ತಂಗಿ ಜೋಡಿಯಾ ಎಂದು ಕೇಳಿದಳು. ಮೊಬೈಲನ್ನು ಎದೆಗೆ ಅವಚಿಕೊಂಡು ಹೌದು ಅಂದೆ.

ನನಗೆ ತಂಗಿ ಇಲ್ಲ. ನಾನೇ ಕಡೆಯವಳು. ಮನೆಯಲ್ಲಿ ಎಲ್ಲರಿಗೂ 'ಸಣ್ಣಾಕಿ', ತಲೆ ಹಣ್ಣಾಗುತ್ತ ಬಂದರೂ ಸಣ್ಣಾಕಿ. ಕಚೇರಿಯಲ್ಲಿ ಮೇಡಂ. ಅಕ್ಕಾ ಎಂದು ಕರೆದು ತಾಟು ಮುಂದೆ ಸರಿಸುವವರು ನನ್ನ ಬದುಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಅದು ಬೇಕಾಗಿತ್ತೆಂದು ನನಗೆ ಅಲ್ಲಿಯವರೆಗೆ ಗೊತ್ತೂ ಇರಲಿಲ್ಲ.

ಆದರೆ ಕನಮಡಿ ಮಹಾರಾಷ್ಟ್ರದ ಗಡಿಯ ಊರು. ಅಲ್ಲಿ ಮೊಬೈಲಿಗೇ ತಾನು ಯಾವ ರಾಜ್ಯದಲ್ಲಿದ್ದೇನೆ ಎಂಬ ಅನುಮಾನ. ಅಷ್ಟುದ್ದದ ವಿಡಿಯೊ ಅಲ್ಲಿಂದ ಹೊರಡುತ್ತಲೇ ಇರಲಿಲ್ಲ. ಗುಂಡನೆಯ ಗೆರೆ ತಿರುಗಿ ತಿರುಗಿ ನಿಂತುಬಿಡುತ್ತಿತ್ತು. ಗಂಡ ದ್ರಾಕ್ಷಿ ತೋಟದ ಕೆಲಸಕ್ಕೆ ತಿಕೋಟಾ ಕಡೆ ಬಂದಾಗ ಅವಳ ಮೊಬೈಲ್ ತಂದರೆ ಹಲವು ದಿನಗಳದ್ದು ಒಮ್ಮೆಲೇ ದಬದಬ ಬೀಳುತ್ತಿದ್ದವು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತುಗಳು ಸಾಲಾಗಿ ಕೂತಿರುತ್ತಿದ್ದವು. ಅದರ ಅರ್ಥ, ಗುಳಿಗೆ ನುಂಗಿಲ್ಲ. ಮೇಲಿನ ಅಧಿಕಾರಿಗಳು ಕೆಟ್ಟವರಲ್ಲ, ತಮ್ಮ ಕೆಲಸ ತಾವು ಮಾಡಿದರು. ಇಷ್ಟು ದಿನ ತಪ್ಪಿದೆಯೆಂದರೆ ಮನೆಗೆ ಹೋಗಿ ನೋಡಲೇಬೇಕು, ನಾಳೆ ನಾಡಿದ್ದರಲ್ಲಿ ಜೀಪು ಕಳಿಸುತ್ತೇನೆ ಅಂದರು.

ಆ ಜೀಪಿನ ಮೈತುಂಬ ಟಿಬಿ ಎಂದು ಬರೆದಿದೆ. ಅದು ಕನಮಡಿಯ ಆ ಓಣಿಗೆ ತಿರುಗಿದರೆ ಸಾಕು, ನಾದಿನಿಯ ಲಗ್ನ ಮುರಿಯುತ್ತದೆ. ಲಗ್ನ ಮುರಿದ ಮನೆಯಲ್ಲಿ ಸೊಸೆಯ ಗತಿ ಏನು, ಅವಳಿಗೆ ಗುಳಿಗೆ ಯಾರು ಕೊಡುತ್ತಾರೆ? ನಾನು ಅವರ ಮುಂದೆ ನಿಂತು, ಬೇಡ ಸರ್, ನಾಳೆಯಿಂದ ವಿಡಿಯೊ ದಿನಾ ಬರುತ್ತದೆ, ಬರದಿದ್ದರೆ ನನ್ನನ್ನು ಕೇಳಿ ಎಂದು ಹೊಣೆ ಹೊತ್ತು ಬಂದೆ.

ಹೊರಗೆ ಬಂದು ಅವಳಿಗೆ ಫೋನ್ ಮಾಡಿದೆ. ತಾಟು ತೋರಿಸಬೇಡ, ಕರೆಯಬೇಡ, ಊಟ ಮೊದಲೇ ಮುಗಿಸು, ಬರೀ ಗುಳಿಗೆ ನುಂಗಿ ಕಳಿಸು ಎಂದು ಗದರಿದೆ. ಗದರುವುದರಲ್ಲಿ ನಾನು ಹೆಸರುವಾಸಿ. ಅವಳು ಮೆಲ್ಲಗೆ ಅಂದಳು.

"ಗುಳಿಗಿನೂ ಬಾಯಿಗೆ ಹಾಕ್ಕೊಳ್ಳೂದ ಅಲ್ರಿ ಅಕ್ಕಾ. ನೀವು ಎದುರಿಗಿ ಇರ್ತೀರಿ. ನಿಮಗ ಏನೂ ಅನ್ನದ ನಾ ಒಬ್ಬಾಕಿನ ಹ್ಯಾಂಗ ನುಂಗಲಿ?"

ಸಿಟ್ಟು ಬಂತು, ನಗುವೂ ಬಂತು. ಗುಳಿಗೆ ನುಂಗಲಿಕ್ಕೂ ಕರೆಯುವವಳ ಜೊತೆ ಏನು ವಾದ ಮಾಡುವುದು? ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ನಾನು ಮೊಬೈಲ್ ಬಾಯಿಗೆ ಹಿಡಿದು ಒಂದು ಮಾತು ರೆಕಾರ್ಡ್ ಮಾಡಿ ಕಳಿಸಿದೆ.

"ನಂದು ನಾಷ್ಟಾ ಆತು, ನೀ ತಗೋ."

ಅಷ್ಟೇ ಸಾಕಾಯಿತು. ವಿಡಿಯೊ ಬಂತು. ಅಂಗೈ, ಗುಳಿಗೆ, ನೀರು, ತೆರೆದ ಬಾಯಿ, ಕೊನೆಗೊಂದು ಸಣ್ಣ ನಗು. ಹೂವಿನಂತೆ ಹಗುರವಾಗಿ ಕನಮಡಿಯಿಂದ ಹಾರಿ ಬಂತು. ಜೀಪು ಹೊರಡಲಿಲ್ಲ.

ಹಾಗೆ ನನ್ನ ನಾಷ್ಟಾ ಸುರುವಾದದ್ದು. ತಿನ್ನದೆ ತಿಂದೆ ಅನ್ನುವುದಕ್ಕೆ ಮನಸ್ಸು ಬರಲಿಲ್ಲ. ಮೊದಮೊದಲು ಚಹಾದಲ್ಲಿ ಬನ್ನು ಅದ್ದಿ ತಿಂದು ಮಾತು ಕಳಿಸುತ್ತಿದ್ದೆ. ಏನು ತಿಂದಿರಿ ಎಂದು ಅವಳು ಕೇಳತೊಡಗಿದಳು. ಬನ್ನು ಅಂದರೆ, ಬರೇ ಬನ್ನಾ ಎಂದು ರಾಗ ಎಳೆಯುವಳು. ಆ ರಾಗಕ್ಕೆ ಅಂಜಿ ಉಪ್ಪಿಟ್ಟು ಮಾಡಿದೆ, ಸುಸಲಾ ಮಾಡಿದೆ, ಒಂದು ದಿನ ರೊಟ್ಟಿ ಬಡಿಯಲು ಹೋಗಿ ಕೆಳಗಿನ ಮನೆಯವರಿಂದ ಬೈಸಿಕೊಂಡೆ. ತಿಂಡಿಯ ವಾಸನೆಗೆ ನನ್ನ ಎರಡು ಕೋಣೆ ಮನೆಯ ಹಾಗೆ ಕಾಣತೊಡಗಿದವು. ಅವಳ ಊಟದ ತಾಟು ನನಗೆ ಕಾಣದಂತೆ ಆಗಿತ್ತು, ಅದೊಂದು ಕೊರತೆ. ಆದರೂ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಬ್ಬರು ನನ್ನ ಮಾತಿಗಾಗಿ ಕಾಯುತ್ತಿದ್ದಾರೆ ಎಂಬ ನೆನಪು ಬರುತ್ತಿತ್ತು. ನಾನು ಹೇಳಿದ ಮೇಲೆಯೇ ಅವಳು ನುಂಗುವುದು. ಜ್ವರ ಬಂದ ದಿನವೂ ಎದ್ದು ಗಂಜಿ ಕುಡಿದು ಹೇಳಿದೆ.

ನಾಲ್ಕನೇ ತಿಂಗಳು ದಾಟುತ್ತಿದ್ದಂತೆ ನಾನು ಹೆದರಿದ್ದೇ ಆಯಿತು. ಲಗ್ನ ಗಟ್ಟಿಯಾಗಿ ಬೀಗರ ಕಡೆಯ ಹೆಂಗಸರು ಬಂದು ಉಳಿಯತೊಡಗಿದರು. ಸೊಸೆಗೆ ಈಗ ಕೆಮ್ಮಿಲ್ಲ, ಮುಖ ತುಂಬಿದೆ. ಸುಮ್ಮನೆ ಗುಳಿಗೆ ಬಚ್ಚಿಟ್ಟು ಬಚ್ಚಿಟ್ಟು ಸಿಕ್ಕಿಬೀಳುವುದೇಕೆ, ಸಾಕು ಬಿಡು ಎಂದು ಅತ್ತೆ ತೀರ್ಮಾನ ಮಾಡಿದರು. ವಿಡಿಯೊ ನಿಂತಿತು. ನನ್ನ ಮಾತು ಹೋಗುತ್ತಿತ್ತು, ಅವಳು ಕೇಳಿಸಿಕೊಂಡ ಗುರುತೂ ಬರುತ್ತಿತ್ತು, ಉತ್ತರವಿಲ್ಲ. ಕಡೆಗೆ ನಾನೇ ಫೋನ್ ಮಾಡಿದೆ. ಎತ್ತಿದವರು ಅತ್ತೆ. ಹಿಂದೆ ಹೆಂಗಸರ ಮಾತು, ಚಹಾದ ಕಪ್ಪು ಬಸಿಗಳ ಸದ್ದು. ಬೀಗರು ಅಲ್ಲೇ ಕೂತಿದ್ದಾರೆಂದು ತಿಳಿಯಿತು. ಅವರು ಗಟ್ಟಿ ದನಿಯಲ್ಲಿ, ಹೇಳ್ರಿ ಟೇಲರ್ ಅಕ್ಕಾರ ಅಂದರು.

ನನಗೆ ಎಲ್ಲಿಂದ ಬುದ್ಧಿ ಬಂತೋ ಗೊತ್ತಿಲ್ಲ. ಟೇಲರ್ ಆಗಿಯೇ ಮಾತಾಡಿದೆ.

"ಅರ್ಧಾ ಹೊಲಿದ ಬಿಟ್ರ ಪೂರಾ ಬಟ್ಟೀನ ಕೆಡ್ತದ್ರಿ ಯವ್ವಾ. ಈಗ ಬಿಟ್ಟದ್ದು ಬಿಚ್ಚಿದ್ರ ಮುಂದ ಯಾ ಸೂಜಿಗೂ ಬಗ್ಗಂಗಿಲ್ಲ. ನಿಮ್ಮ ಸೊಸಿದ ಹೇಳಾಕತ್ತೇನಿ."

ಆ ಹೆಂಗಸಿನ ಮೇಲೆ ಸಿಟ್ಟಿತ್ತು, ಆದರೆ ಒಂದು ಕಣ್ಣು ಮಗಳ ಮೇಲೆ, ಒಂದು ಕಣ್ಣು ಸೊಸೆಯ ಮೇಲೆ ಇಟ್ಟುಕೊಂಡು ಕೂತ ಅವರ ಸಂಕಟವೂ ನನಗೆ ಅರ್ಥವಾಗುತ್ತಿತ್ತು.

"ಹಂಗಾದ್ರ ಪೂರ್ತಿ ಹೊಲಿದ ಕೊಟ್ಟ ಬಿಡ್ರಿ," ಅಂದರು.

ಮರುದಿನ ವಿಡಿಯೊ ಬಂತು. ಅಡುಗೆಮನೆಯಲ್ಲಲ್ಲ, ಬಚ್ಚಲಿನಲ್ಲಿ, ಬಾಗಿಲು ಹಾಕಿಕೊಂಡು. ಅತ್ತೆ ಹೊರಗೆ ಕಾವಲು ನಿಂತಿದ್ದಾರೆಂದು ಅವಳು ಪಿಸುಗುಟ್ಟಿದಳು.

ಔಷಧಿ ಮುಗಿಯಿತು. ಗಂಡ ತಂದುಕೊಟ್ಟ ಕಫದಲ್ಲಿ ಏನೂ ಇಲ್ಲವೆಂದು ವರದಿ ಬಂತು. ಜೊತೆಗಾತಿ ನನ್ನ ಮುಂದೆ ಪೇಡೆ ಇಟ್ಟಳು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸಂತೋಷವಿಲ್ಲ, ನನಗೂ ಸಂತೋಷವೇ ಆಯಿತು. ಆ ಸಂಜೆಯೇ ಫೋನ್ ಮಾಡಿ, ನನ್ನ ನಂಬರು ಅಳಿಸಿಬಿಡು, ಮನೆ ತುಂಬ ನೆಂಟರು, ಮೊಬೈಲು ಹತ್ತು ಕೈ ತಿರುಗುತ್ತದೆ ಎಂದು ಹೇಳಿದೆ. ಖರೇನೇ ಅಳಿಸಲಾ ಎಂದು ಕೇಳಿದಳು. ಹೂಂ ಅಂದೆ. ಬೇರೆ ಏನು ಹೇಳಬೇಕಿತ್ತು? ಗುಣವಾದವಳಿಗೆ ನನ್ನ ಅಗತ್ಯವಿಲ್ಲದಿರುವುದೇ ನನ್ನ ಕೆಲಸದ ಗೆಲುವು.

ಮರುದಿನ ಅವಲಕ್ಕಿ ತಿಂದು, ಕೈ ಒರೆಸಿಕೊಂಡು, ಮೊಬೈಲ್ ಎತ್ತಿ, ನಂದು ನಾಷ್ಟಾ ಆತು ಎನ್ನುವವರೆಗೂ ನನಗೆ ಎಚ್ಚರವಿರಲಿಲ್ಲ. ಕಳಿಸದೆ ಅಳಿಸಿದೆ. ಆಮೇಲೆ ಸ್ಟೇಟಸ್ಸೇ ಗತಿ ಎಂಬಂತಾಯಿತು. ಬೆಳಿಗ್ಗೆ ಆರೋಗ್ಯದ ಮಾತು ಹಾಕುವುದು, ಯಾರು ಯಾರು ನೋಡಿದ್ದಾರೆಂದು ತೆಗೆದು ನೋಡುವುದು. ಅವಳ ಹೆಸರು ಕೆಲವು ದಿನ ಕಂಡಿತು. ಹೇಳಿದರೂ ಅಳಿಸಿಲ್ಲವಲ್ಲ ಈ ಹುಚ್ಚಿ ಎಂದು ಬೈದುಕೊಳ್ಳುತ್ತ ಹಿಗ್ಗಿದೆ. ಅವಳಿಗಾಗಿಯೇ ಹುಡುಕಿ ಹುಡುಕಿ ಒಳ್ಳೆಯ ಮಾತು ಹಾಕಿದೆ. ಸಹೋದ್ಯೋಗಿಗಳು ನನ್ನ ಉತ್ಸಾಹ ನೋಡಿ ಹೊಗಳಿದರು. ಆಮೇಲೆ ಒಂದು ದಿನ ಅವಳ ಹೆಸರಿರಲಿಲ್ಲ. ಮರುದಿನವೂ ಇರಲಿಲ್ಲ. ಇಂದಿಗೂ ನಾನು ಆ ಹೆಸರುಗಳನ್ನು ಕೊನೆಯವರೆಗೆ ಇಳಿಸಿ ನೋಡುತ್ತೇನೆ. ಆ ಹುಡುಗಿ ನನಗೆ ಬೇಕು, ನನ್ನನ್ನು ಅಕ್ಕಾ ಅನ್ನಬೇಕು. ಇದನ್ನು ಬೇರೆ ರೀತಿ ಅಲಂಕರಿಸಿ ಹೇಳಲು ನನಗೆ ಬರುವುದಿಲ್ಲ.

ಲಗ್ನದ ದಿನಗಳಲ್ಲಿ ಒಮ್ಮೆ ಗುಡಿಯ ಹತ್ತಿರದ ಬಳೆ ಅಂಗಡಿಗೆ ಪಿನ್ನು ಕೊಳ್ಳಲು ಹೋಗಿದ್ದೆ. ಅಂಗಡಿಯಾತ ಕೈ ತುಂಬ ಕೆಲಸದಲ್ಲಿದ್ದ, ಕೂಡ್ರಿ ಅಂದ, ಬೆಂಚಿನ ಮೇಲೆ ಕೂತೆ. ಹೆಂಗಸರ ಒಂದು ಗುಂಪು ಒಳಗೆ ಬಂತು. ಅವರಲ್ಲೊಬ್ಬಳು ನನ್ನ ಪಕ್ಕ ಬಗ್ಗಿ ಹೇಳಿದಳು.

"ಚೂರು ಸರೀರಿ ಆಂಟಿ."

ಮುಖ ನೋಡುವ ಮೊದಲೇ ದನಿ ಗೊತ್ತಾಯಿತು. ಸರಿದೆ. ಅವಳು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಳು. ಮೊಬೈಲಿನಲ್ಲಿ ಕಂಡದ್ದಕ್ಕಿಂತ ಎತ್ತರ ಇದ್ದಳು. ನನ್ನ ಮುಖ ಅವಳು ಕಂಡವಳಲ್ಲ. ನನ್ನ ದನಿ ಮಾತ್ರ ಅವಳಿಗೆ ಗೊತ್ತು. ನಾನು ಒಂದು ಮಾತಾಡಿದರೆ ಸಾಕು, ತಿರುಗಿ ನೋಡುತ್ತಾಳೆ. ಆದರೆ ಎದುರಿಗೆ ಹೊಸ ಹಸಿರು ಬಳೆ ಏರಿಸಿಕೊಳ್ಳುತ್ತ ನಾದಿನಿ ಕೂತಿದ್ದಳು, ಅವಳ ಪಕ್ಕ ಅತ್ತೆ, ಸುತ್ತ ಕಳ್ಳಕವಟಗಿಯ ಬೀಗರ ಹೆಂಗಸರು. ನೀವು ಯಾರು, ಇವಳಿಗೆ ಹೇಗೆ ಗೊತ್ತು ಎಂದು ಒಬ್ಬರು ಕೇಳಿದರೆ ಅವಳ ಮುಖ ಎಲ್ಲ ಹೇಳಿಬಿಡುತ್ತದೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಡಿಯಾತ ನಿಮಗೇನು ಬೇಕೆಂದು ಕೇಳಿದ. ಮಾತಾಡದೆ ಪಿನ್ನಿನ ಡಬ್ಬಿಯ ಕಡೆ ಬೆರಳು ತೋರಿಸಿದೆ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವಳ ಮೈಯ ಬಿಸಿ ನನ್ನ ತೋಳಿಗೆ ತಾಗುತ್ತಿತ್ತು.

ಬೀಗರ ಕಡೆಯ ಹಿರಿಯಾಕೆ ಅವಳನ್ನೇ ಸ್ವಲ್ಪ ಹೊತ್ತು ನೋಡಿ, ನಿಮ್ಮ ಸೊಸೆ ಸಣ್ಣ ಮೈಯವಳು, ಆರಾಮ ಇರುತ್ತಾಳೋ ಇಲ್ಲೋ ಎಂದು ಕೇಳಿದರು. ಅತ್ತೆ ತಡಮಾಡಲಿಲ್ಲ.

"ಈಕಿ ನಮ್ಮ ಮನಿಗೆ ಬಂದಾಗಿಂದ ಇವತ್ತಿನ ತನಕಾ ಒಂದ ಗುಳಿಗಿ ಸೈತ ನುಂಗಿಲ್ರಿ. ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು?" ಅಂದವರು, ಒಬ್ಬಳೇ ಸುಮ್ಮನೆ ಕೂತಿದ್ದ ನನ್ನ ಕಡೆ ತಿರುಗಿದರು. "ನೀವ ಹೇಳ್ರಿ ಬಾಯಾರ, ನೀವಂತೂ ಹೊರಗಿನವ್ರು."

ಎಲ್ಲರೂ ನನ್ನನ್ನು ನೋಡಿದರು. ಅವಳೂ ನೋಡಿದಳು, ಹೆದರಿದ ಕಣ್ಣಿನಿಂದ, ಗುರುತಿಲ್ಲದವರನ್ನು ನೋಡುವ ಹಾಗೆ. ನಾನು ಅವಳ ಮುಖವನ್ನು ಕಣ್ತುಂಬ ನೋಡಿದೆ. ನೋಡಲು ಅಷ್ಟು ಹೊತ್ತು ಸಿಕ್ಕಿತಲ್ಲ. ಆಮೇಲೆ ಬೀಗರ ಕಡೆ ತಿರುಗಿ, ಹೌದು, ಒಂದೂ ನುಂಗಿಲ್ಲ ಎಂಬಂತೆ ತಲೆಯಾಡಿಸಿದೆ.